ಗಿರಿಶಯನ ಮೀಮಾಂಸೆ

ಅಡುಗೆಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ. ವ್ಯಾಕರಣಕ್ಕೆ ಕೇಶಿರಾಜನ ‘ಶಬ್ದಮಣಿದರ್ಪಣ’ವಿದೆ. ಅಂತರ್ಜಲ ಹುಡುಕುವುದರಿಂದ ಹಿಡಿದು ಶಕುನ ನೋಡುವವರೆಗೆ ಸಂಸಾರಸ್ಥನಿಗೆ ಬೇಕಾದ್ದನ್ನೆಲ್ಲ ಹೇಳುವ ‘ಲೋಕೋಪಕಾರ’ವನ್ನು ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೇ ಬರೆದಿಟ್ಟಿದ್ದಾನೆ. (ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ. ಇಬ್ಬರನ್ನೂ ಒಬ್ಬನೆಂದು ಬರೆದು ಅಂಕ ಕಳೆದುಕೊಂಡವರಿಗೆ ನಮ್ಮ ಸಂತಾಪವಿದೆ.) ಇಷ್ಟಾಗಿಯೂ, ಗೆಳೆಯನ ಜೊತೆ ಕಾರು ಹತ್ತಿ ಬೆಟ್ಟಕ್ಕೆ ಹೋಗಿ ಡೇರೆ ಹಾಕಿ ಮಲಗುವ ವಿದ್ಯೆಗೆ ಕನ್ನಡದಲ್ಲೊಂದು ಲಕ್ಷಣಗ್ರಂಥವಿಲ್ಲ. ಆ ಕೊರತೆ ನೀಗಲೆಂದು ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಈ ಶಾಸ್ತ್ರ ಹೊರಡುತ್ತಿದೆ.

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕೆಂಬುದು ಹಿರಿಯರ ಕಟ್ಟಪ್ಪಣೆ. ವಿಷಯ: ಬೆಟ್ಟದಲ್ಲಿ ರಾತ್ರಿ ಕಳೆಯುವುದು. ಪ್ರಯೋಜನ: ಇದುವರೆಗೆ ಮನೆಯವರಿಗೆ ಯಾರೂ ಮನದಟ್ಟು ಮಾಡಿಕೊಟ್ಟಿಲ್ಲ. ಸಂಬಂಧ: ಪೆಟ್ರೋಲಿನ ಖರ್ಚು ಇಬ್ಬರಿಗೂ ಸಮಪಾಲು. ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಯೋಗ್ಯನಾದವನು: ರಜೆ ಮಂಜೂರಾದವನು, ಮದುವೆಯಾಗಿದ್ದರೆ ಎರಡು ಕಡೆಯಿಂದ ಮಂಜೂರಾದವನು.

ಇನ್ನು ಸ್ಥಳನಿರ್ಣಯ. ಹೊಸಮನೆ ಎರಡಿವೆ. ಒಂದು ಶಿವಮೊಗ್ಗದ್ದು, ತುಂಗೆಯ ನೀರು ಕುಡಿಯುವಂಥದ್ದು. ಇನ್ನೊಂದು ಭದ್ರಾವತಿಯದು, ಭದ್ರೆಯ ನೀರು ಕುಡಿಯುವಂಥದ್ದು. ಗ್ರಂಥಕಾರ ಮೊದಲನೆಯದರವನು, ಅವನ ಗೆಳೆಯ ಎರಡನೆಯದರವನು. ಎರಡೂ ನದಿಗಳು ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಆಮೇಲೆ ಒಂದರ ಮುಖ ಒಂದು ನೋಡದೆ ಬೇರೆ ಬೇರೆ ಕಣಿವೆ ಹಿಡಿದು, ಶಿವಮೊಗ್ಗದಾಚೆ ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆ. ನಾವಿಬ್ಬರೂ ವಾಸವಾಗಿರುವುದು ಅವು ಇನ್ನೂ ರಾಜಿಯಾಗದ ಭಾಗದಲ್ಲಿ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ನಾನು ಬಾಟಲಿ ತುಂಬಿಸಿಕೊಂಡರೆ, ‘ಕಬ್ಬಿಣದ ಕಾರ್ಖಾನೆ ನಡೆಸಿದ್ದು ಯಾವ ನೀರು, ಹೇಳು’ ಎಂದು ಅವನು ಕೇಳುತ್ತಾನೆ. ಈ ವ್ಯಾಜ್ಯ ಬೆಟ್ಟದ ತುದಿಯವರೆಗೂ ನಮ್ಮ ಜೊತೆ ಬರುತ್ತದೆ, ಬಾಡಿಗೆಯಿಲ್ಲದೆ.

ಲಕ್ಷಣ ಪ್ರಕರಣ

ತರ್ಕಶಾಸ್ತ್ರದ ಪ್ರಕಾರ ಲಕ್ಷಣಕ್ಕೆ ಮೂರು ದೋಷಗಳು ಬರಬಹುದು. ಕೊಂಬಿರುವುದೇ ಹಸು ಎಂದರೆ ಎಮ್ಮೆಗೂ ಅನ್ವಯಿಸಿ ಅತಿವ್ಯಾಪ್ತಿ. ಕಪಿಲವರ್ಣದ್ದೇ ಹಸು ಎಂದರೆ ಬಿಳಿ ಹಸು ಹೊರಗುಳಿದು ಅವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಅಂಥ ಹಸುವೇ ಇಲ್ಲವಾಗಿ ಅಸಂಭವ. ಪಾಠಶಾಲೆಯ ಮಕ್ಕಳೂ ಬಲ್ಲ ಈ ಮೂರು ದೋಷಗಳನ್ನು ಕ್ಯಾಂಪಿಂಗಿಗೆ ಹಚ್ಚಿ ನೋಡೋಣ.

‘ಮನೆ ಬಿಟ್ಟು ಹೊರಗೆ ಮಲಗುವುದೇ ಕ್ಯಾಂಪಿಂಗ್’ ಎಂಬುದು ಮೊದಲ ಲಕ್ಷಣ. ಇದು ಬೇಸಿಗೆಯಲ್ಲಿ ಜಗಲಿಯ ಮೇಲೆ ಮಲಗುವ ಅಜ್ಜನಿಗೂ, ಮತದಾನದ ಹಿಂದಿನ ರಾತ್ರಿ ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗುವ ಮೇಷ್ಟ್ರಿಗೂ, ಊರೂರು ತಿರುಗುವ ಯಕ್ಷಗಾನ ಮೇಳಕ್ಕೂ, ಸಕ್ರೆಬೈಲು ಬಿಡಾರದ ಆನೆಗಳಿಗೂ ಅನ್ವಯಿಸುತ್ತದೆ. ಆನೆಗಳ ವಿಷಯದಲ್ಲಿ ನಮಗೆ ತಕರಾರಿಲ್ಲ, ಆದರೆ ಅವು ಗೆಳೆಯರ ಜೊತೆ ಸ್ವಂತ ಖರ್ಚಿನಲ್ಲಿ ಬಂದವಲ್ಲ. ಆದ್ದರಿಂದ ಅತಿವ್ಯಾಪ್ತಿ.

‘ಆನ್‌ಲೈನಿನಲ್ಲಿ ಕೊಂಡ ಡೇರೆಯಲ್ಲಿ ಮಲಗುವುದೇ ಕ್ಯಾಂಪಿಂಗ್’ ಎಂದರೆ, ಡೇರೆ ಕೊಂಡವನೇ ನಡುರಾತ್ರಿ ಸೊಂಟ ಹಿಡಿದುಕೊಂಡು ಕಾರಿನ ಹಿಂದಿನ ಸೀಟಿಗೆ ಸ್ಥಳಾಂತರವಾಗುತ್ತಾನೆ. ಕ್ಯಾಂಪಿಂಗಿಗೆ ಬಂದವನೇ ಲಕ್ಷಣದಿಂದ ಆಚೆ ಬಿದ್ದ. ಅವ್ಯಾಪ್ತಿ.

‘ಪಶ್ಚಿಮಘಟ್ಟದ ಕಾಡಿನಲ್ಲಿ, ಶಿಖರದ ಮೇಲೆ, ಮನಸ್ಸಿಗೆ ಬಂದ ಜಾಗದಲ್ಲಿ ಡೇರೆ ಹೊಡೆದು, ಬೆಂಕಿ ಹಾಕಿಕೊಂಡು ಮಲಗುವುದೇ ಕ್ಯಾಂಪಿಂಗ್’ ಎಂಬ ಮೂರನೆಯ ಲಕ್ಷಣ ಕೇಳಲು ಬಹಳ ಚೆಂದ. ಯೂಟ್ಯೂಬಿನ ಪಂಡಿತರೆಲ್ಲ ಇದನ್ನೇ ಒಪ್ಪುತ್ತಾರೆ. ಆದರೆ ಇದರ ದೋಷ ಅಸಂಭವ. ಕಾರಣವನ್ನು ಶಯನ ಪ್ರಕರಣದಲ್ಲಿ ಹೇಳಲಾಗುವುದು. ಅಷ್ಟರವರೆಗೆ ಓದುಗರು ಡೇರೆಯನ್ನು ಚೀಲದಿಂದ ತೆಗೆಯಬಾರದು. ಒಮ್ಮೆ ಹೊರಬಂದ ಡೇರೆ, ತವರಿಗೆ ಬಂದ ಮಗಳ ಸೂಟ್‌ಕೇಸಿನ ಬಟ್ಟೆಗಳ ಹಾಗೆ, ಮತ್ತೆ ಅದೇ ಚೀಲದಲ್ಲಿ ಹಿಡಿಯುವುದಿಲ್ಲ.

ಮಿತ್ರ ಪ್ರಕರಣ

ಗೆಳೆಯನನ್ನು ಬಣ್ಣ, ಎತ್ತರ, ಸಂಬಳಗಳಿಂದ ವಿಂಗಡಿಸುವುದು ಸ್ಥೂಲದೃಷ್ಟಿ. ದಾರಿಯ ಗೆಳೆಯನನ್ನು ಅಳೆಯಲು ನಮ್ಮಲ್ಲೇ ಒಂದು ಹಳೆಯ ಅಳತೆಗೋಲಿದೆ. ದುರ್ಗಸಿಂಹ 1031ರ ಸುಮಾರಿಗೆ ಕನ್ನಡಕ್ಕೆ ತಂದ ಪಂಚತಂತ್ರ ವಿಷ್ಣುಶರ್ಮನದಲ್ಲ, ವಸುಭಾಗಭಟ್ಟನ ಪರಂಪರೆಯದು. ಅದರ ಐದು ತಂತ್ರಗಳು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಕವಿ ಇವನ್ನು ರಾಜನೀತಿಗೆಂದು ಹೇಳಿರಬಹುದು. ಬೆಟ್ಟಕ್ಕೆ ಹೊರಟ ಇಬ್ಬರ ಕಾರಿನಲ್ಲಿ ಇವು ಇದೇ ಅನುಕ್ರಮದಲ್ಲಿ ನಡೆಯುತ್ತವೆ ಎಂಬುದು ನಮ್ಮ ಶೋಧ.

ಭೇದ ಮನೆಯ ಗೇಟಿನಲ್ಲೇ ಶುರುವಾಗುತ್ತದೆ. ನನ್ನ ಮತದಲ್ಲಿ ದಾರಿಯೆಂದರೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಅವನ ಮತದಲ್ಲಿ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಒಬ್ಬ ಪಶ್ಚಿಮಕ್ಕೆ, ಒಬ್ಬ ದಕ್ಷಿಣಕ್ಕೆ. ಕಾರು ಒಂದೇ, ಅದೂ ಅವನದು. ಹೀಗಾಗಿ ಈ ಭೇದವನ್ನು ಪ್ರಮಾಣಗಳಿಂದಲ್ಲ, ಕೀಲಿಕೈಯಿಂದ ತೀರ್ಮಾನಿಸುವುದು ರೂಢಿ.

ಪರೀಕ್ಷೆ ಘಾಟಿಯಲ್ಲಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎದುರಿಗೆ ಉಡುಪಿಯ ಮಿನಿಬಸ್ಸು ಬಂದಾಗ ಗೆಳೆಯನ ಸ್ವಭಾವ ಸಂಪೂರ್ಣವಾಗಿ ವ್ಯಕ್ತವಾಗುತ್ತದೆ. ಹಾರ್ನ್ ಒತ್ತಿ ನಿಲ್ಲುವವನು ಸಾತ್ವಿಕ. ಹಾರ್ನ್ ಒತ್ತಿ ನುಗ್ಗುವವನು ರಾಜಸ. ನುಗ್ಗುತ್ತಾ, ಪಕ್ಕದಲ್ಲಿರುವವನಿಗೆ ‘ಕಣಿವೆ ನೋಡು ಮಾರಾಯ, ಏನ್ ವ್ಯೂ!’ ಎನ್ನುವವನು ತಾಮಸ; ಅವನ ಜೊತೆ ಮುಂದೆ ಎಲ್ಲಿಗೂ ಹೋಗಬಾರದು.

ವಿಶ್ವಾಸಕ್ಕೆ ಹೆಚ್ಚು ವಿವರ ಬೇಡ, ಅದು ಊಟವಾದ ಮೇಲೆ ಅರ್ಧ ಗಂಟೆ ಇರುತ್ತದೆ. ವಂಚನೆ ಲೆಕ್ಕ ಹಂಚಿಕೊಳ್ಳುವಾಗ ಬರುತ್ತದೆ: ‘ಚಾ ನಾನೇ ಕೊಟ್ಟಿದ್ದೆನಲ್ಲ’ ಎಂಬ ವಾಕ್ಯ ಈ ತಂತ್ರದ ಬೀಜಮಂತ್ರ. ಮಿತ್ರಕಾರ್ಯವೆಂದರೆ, ನಿಮ್ಮ ಕೈಗೆ ನಿಲುಕದ ಬೆನ್ನಿನ ಜಾಗದಲ್ಲಿ ಕಚ್ಚಿಕೊಂಡ ಇಂಬಳವನ್ನು ಅಸಹ್ಯಪಡದೆ ಕೀಳುವುದು. ಇದೊಂದನ್ನು ಮಾಡಿದವನಿಗೆ ಹಿಂದಿನ ನಾಲ್ಕು ತಂತ್ರಗಳ ದೋಷವೂ ಮಾಫಿ.

ಸಾಮಗ್ರಿಯ ವಿಚಾರ ಕಿರಿದು. ಬೆಟ್ಟಕ್ಕೆ ಒಯ್ಯುವ ವಸ್ತುಗಳು ಎರಡು ಬಗೆ: ನಾವು ಕೊಂಡದ್ದು, ಅಮ್ಮ ಕಟ್ಟಿಕೊಟ್ಟದ್ದು. ಮೊದಲನೆಯದರಲ್ಲಿ ಡೇರೆ, ಮಲಗುವ ಚೀಲ, ಹಣೆಗೆ ಕಟ್ಟುವ ಟಾರ್ಚು, ಒಂಬತ್ತು ಬಗೆಯ ಅಲಗುಗಳಿರುವ ಚಾಕು. ಎರಡನೆಯದರಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ, ಕೋಡುಬಳೆ, ಅಮೃತಾಂಜನ, ಹಳೆಯ ಬೆಡ್‌ಶೀಟು. ಮನೆಗೆ ಬಂದ ಮೇಲೆ ನೋಡಿದರೆ ಬಳಕೆಯಾಗಿರುವುದು ಎರಡನೆಯ ವರ್ಗ ಮಾತ್ರ. ಒಂಬತ್ತು ಅಲಗಿನ ಚಾಕುವಿನಿಂದ ಬಿಸ್ಕತ್ತಿನ ಪೊಟ್ಟಣ ಒಡೆದಿರುವುದಕ್ಕೆ ಮಾತ್ರ ಆಧಾರವಿದೆ.

ಗಿರಿ ಪ್ರಕರಣ

ಭೂಗೋಳದವರು ಬೆಟ್ಟಗಳನ್ನು ಎತ್ತರದಿಂದ ವಿಂಗಡಿಸುತ್ತಾರೆ. ಮುಳ್ಳಯ್ಯನಗಿರಿ 1,930 ಮೀಟರು, ಕರ್ನಾಟಕಕ್ಕೇ ಎತ್ತರದ್ದು. ಕುದುರೆಮುಖ 1,894. ಕೆಮ್ಮಣ್ಣುಗುಂಡಿ 1,434. ಕೊಡಚಾದ್ರಿ 1,343. ಈ ಕ್ರಮ ಶಾಲೆಗೆ ಸರಿ, ಮಂಡಿಗೆ ಸರಿಯಲ್ಲ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬುದಕ್ಕೆ ವ್ಯಾಪ್ತಿಯಿದೆ. ಎಲ್ಲಿ ಎತ್ತರವೋ ಅಲ್ಲಿ ಆಯಾಸ ಎಂಬುದಕ್ಕಿಲ್ಲ. ರಾಜ್ಯದ ಅತಿ ಎತ್ತರದ ಶಿಖರಕ್ಕೆ ಬಹುಪಾಲು ಡಾಂಬರು ರಸ್ತೆಯಿದ್ದು, ಕೊನೆಗೆ ಒಂದಷ್ಟು ಮೆಟ್ಟಿಲು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗದ್ದುಗೆ ಸಿಗುತ್ತದೆ. ಅಲ್ಲಿಗೆ ಸೀರೆಯುಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದ ಮದುವೆ ಪಾರ್ಟಿಯನ್ನೂ ನೋಡಬಹುದು. ಅದಕ್ಕಿಂತ ಆರುನೂರು ಮೀಟರಿನಷ್ಟು ಕುಳ್ಳಾದ ಕೊಡಚಾದ್ರಿ ಏದುಸಿರು ಬಿಡಿಸುತ್ತದೆ. ಆದ್ದರಿಂದ ನಾವು ಬೆಟ್ಟಗಳನ್ನು ಚಕ್ರಗಮ್ಯ, ಜೀಪುಗಮ್ಯ, ಪಾದಗಮ್ಯ ಮತ್ತು ವಾಟ್ಸಾಪ್‌ಗಮ್ಯ ಎಂದು ವಿಂಗಡಿಸುತ್ತೇವೆ.

ಚಕ್ರಗಮ್ಯದಲ್ಲಿ ಮುಳ್ಳಯ್ಯನಗಿರಿ, ಕುಂದಾದ್ರಿ, ಕೆಮ್ಮಣ್ಣುಗುಂಡಿಗಳು ಬರುತ್ತವೆ. ಕೆಮ್ಮಣ್ಣುಗುಂಡಿಯ ವಿಷಯದಲ್ಲಿ ನನ್ನ ಗೆಳೆಯನದೊಂದು ಪೂರ್ವಪಕ್ಷವಿದೆ, ಅದನ್ನು ದಾಖಲಿಸದಿದ್ದರೆ ಅನ್ಯಾಯ. ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಕುಲುಮೆ ಹಚ್ಚಿದಾಗ ಅದಕ್ಕೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಅದಿರು ತೊಟ್ಟಿಲುಗಳಲ್ಲಿ ಕೂತು ತಂತಿದಾರಿಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಪುಟ್ಟ ರೈಲಿನಲ್ಲಿ ಭದ್ರಾವತಿ ಸೇರುತ್ತಿತ್ತು. ‘ನಮ್ಮ ಅಜ್ಜನ ಕಾಲದಲ್ಲಿ ಗುಡ್ಡವೇ ಊರಿಗೆ ಬರ್ತಿತ್ತು ಕಣೋ. ಈಗ ನಾವು ಪೆಟ್ರೋಲ್ ಸುಟ್ಕೊಂಡು ಅದರ ಹತ್ರ ಹೋಗ್ಬೇಕು’ ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಗಿರಿಧಾಮ ಅವನ ಪಾಲಿಗೆ ಕಾರ್ಖಾನೆಯ ಉಗ್ರಾಣ. ಅಲ್ಲಿನ ಗುಲಾಬಿ ತೋಟದಲ್ಲೂ ಅವನು ಮಣ್ಣಿನ ಬಣ್ಣವನ್ನೇ ನೋಡುವುದು. ಇದಕ್ಕೆ ನಮ್ಮಲ್ಲಿ ಸಿದ್ಧಾಂತವಿಲ್ಲ.

ಜೀಪುಗಮ್ಯಕ್ಕೆ ಕೊಡಚಾದ್ರಿಯೇ ಆದರ್ಶ. ನಿಟ್ಟೂರು ದಾಟಿ ಕಟ್ಟಿನಹೊಳೆಯಿಂದ ಮೇಲೆ ಜೀಪು ಹೋಗುವ ಜಾಡನ್ನು ರಸ್ತೆ ಎನ್ನುವುದು ಲಕ್ಷಣಾರ್ಥದಲ್ಲಿ. ಜೀಪಿನಲ್ಲಿ ಹೋದೆನೆಂದು ಯಾರೂ ನಾಚಬೇಕಾಗಿಲ್ಲ. ನಡೆದವನ ಕಾಲಿಗೆ ಆದದ್ದೆಲ್ಲ ಕೂತವನ ಸೊಂಟಕ್ಕೆ ಆಗಿರುತ್ತದೆ. ಜೀಪಿನ ಚಾಲಕರನ್ನು ಮಾತ್ರ ಯಾವ ವರ್ಗಕ್ಕೂ ಸೇರಿಸಲಾಗಲಿಲ್ಲ. ಒಂದು ಚಕ್ರ ಗಾಳಿಯಲ್ಲಿರುವಾಗ ಅವರು ಹಿಂದಕ್ಕೆ ತಿರುಗಿ ‘ಯಾವೂರು ನಿಮ್ದು?’ ಎಂದು ವಿಚಾರಿಸುತ್ತಾರೆ. ಮೇಲೆ ಮೂಲಮೂಕಾಂಬಿಕೆಯ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವೊಂದಿದೆ, ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೇ ಅದು ಎಂದು ಪ್ರತೀತಿ. ಮಲೆನಾಡಿನ ಮಳೆಯಲ್ಲಿ ನಿಂತೂ ಕರಗಿಹೋಗದ ಕಂಬ. ಎಲ್ಲರೂ ಸರ್ವಜ್ಞಪೀಠದ ಕಡೆ ನಡೆದರೆ, ಭದ್ರಾವತಿ ಹೊಸಮನೆಯವನು ಆ ಕಂಬಕ್ಕೆ ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ‘ಒಳ್ಳೇ ಮಾಲು’ ಎಂದು ಪ್ರಮಾಣಪತ್ರ ಕೊಟ್ಟ. ಶಂಕರಾಚಾರ್ಯರ ಪೀಠ ನೋಡಲು ಅವನಿಗೆ ಹೊತ್ತು ಉಳಿಯಲಿಲ್ಲ.

ಪಾದಗಮ್ಯದಲ್ಲಿ ಕುದುರೆಮುಖ, ನರಸಿಂಹಪರ್ವತ, ಘಟ್ಟದ ಆ ಕಡೆಯ ಕುಮಾರಪರ್ವತ. ಕುದುರೆಮುಖಕ್ಕೆ ಮುಳ್ಳೋಡಿಯಿಂದ ಹತ್ತುವವರಿಗೆ ದಾರಿಯಲ್ಲಿ ಒಂಟಿಮರ, ಲೋಬೋ ಮನೆಯೆಂಬ ಪಾಳುಗೋಡೆ ಇತ್ಯಾದಿ ಗುರುತುಗಳಿವೆ. ಗುರುತುಗಳ ನಿಜವಾದ ಉಪಯೋಗ ಕೂತುಕೊಳ್ಳುವುದು. ‘ಇನ್ನೆಷ್ಟು ದೂರ?’ ಎಂದು ಇಳಿಯುವವರನ್ನು ಕೇಳಿದರೆ ಸಿಗುವ ಉತ್ತರ ಎಲ್ಲ ಬೆಟ್ಟಗಳಲ್ಲೂ ಒಂದೇ, ‘ಇಲ್ಲೇ, ಬಂದೇ ಬಿಡ್ತು’. ಇದು ದೂರವನ್ನು ಹೇಳುವ ವಾಕ್ಯವಲ್ಲ, ಕರುಣೆಯನ್ನು ಹೇಳುವಂಥದ್ದು.

ವಾಟ್ಸಾಪ್‌ಗಮ್ಯ ಬೆಟ್ಟಗಳು ಅಸಂಖ್ಯ. ಅವಕ್ಕೆ ಗುಂಪು ರಚನೆಯಾಗಿ, ಹೆಸರಿಟ್ಟು, ಮಂಜು ಕವಿದ ಚಿತ್ರ ಹಾಕಿ, ದಿನಾಂಕವನ್ನು ಮೂರು ಬಾರಿ ಮುಂದೂಡಿ, ಕೊನೆಗೆ ಆ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಮಾತ್ರ ಉಳಿಯುತ್ತದೆ. ಕಾಲುನೋವಿಲ್ಲದ ಶಿಖರಗಳು ಇವು.

ರಕ್ತಾರ್ಥಿ ಪ್ರಕರಣ

ಮಲೆನಾಡಿನಲ್ಲಿ ಅತಿಥಿಯ ರಕ್ತ ಬಯಸುವ ಜೀವಿಗಳು ಮುಖ್ಯವಾಗಿ ಎರಡು: ಇಂಬಳ ಮತ್ತು ಉಣುಗು. (ರೆಸಾರ್ಟಿನ ಬಿಲ್ಲನ್ನು ಕೆಲವರು ಮೂರನೆಯದಾಗಿ ಸೇರಿಸುತ್ತಾರೆ. ಅದು ಹಣದ ವಿಷಯ, ಈ ಪ್ರಕರಣಕ್ಕೆ ಸಲ್ಲದು.)

ಇಂಬಳ ಮಳೆಗಾಲದ್ದು. ಹೆಜ್ಜೆಯ ಅದುರು, ಮೈಯ ಬಿಸಿ, ಬಿಟ್ಟ ಉಸಿರು, ಇಷ್ಟು ಸಾಕು ಅದಕ್ಕೆ ನಿಮ್ಮ ವಿಳಾಸ ತಿಳಿಯಲು. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದಾಗಿ ಬಿಟ್ಟುಹೋದ ಮೇಲೂ ಒಸರುತ್ತಲೇ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಇವು ಸ್ಥಳೀಯರ ಮದ್ದು. ಇಂಬಳಗಳನ್ನು ಪತ್ತೆಯಾಗುವ ಕಾಲದಿಂದ ವಿಂಗಡಿಸುವುದು ಶಾಸ್ತ್ರೀಯ: ಹತ್ತುವಾಗ ಕಂಡದ್ದು, ಇಳಿಯುವಾಗ ಕಂಡದ್ದು, ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ಸಾಕ್ಸು ಕೆಂಪಾಗಿ ಕಂಡದ್ದು. ನಾಲ್ಕನೆಯದು ಹೊಸಮನೆಗೆ ಬಂದು ಸ್ನಾನಕ್ಕೆ ಕೂತಾಗ ಕಾಣುವಂಥದ್ದು. ಅದು ಊರಿನವರೆಗೂ ಟಿಕೆಟಿಲ್ಲದೆ ಬಂದಿರುತ್ತದೆ. ಅಮ್ಮನ ಕಣ್ಣಿಗೆ ಬಿದ್ದರೆ ಮುಂದಿನ ಪ್ರವಾಸ ರದ್ದು.

ಉಣುಗಿನ ವಿಷಯದಲ್ಲಿ ನಗೆ ನಿಲ್ಲಿಸಬೇಕು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹಬ್ಬಿದಾಗ ಪತ್ತೆಯಾದ ವೈರಸ್ಸನ್ನು ಸಾಗಿಸುವುದು ಈ ಉಣುಗುಗಳೇ. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅದಕ್ಕೆ ಕ್ಯಾಸನೂರಿನ ಹೆಸರು. ಊರಿನವರ ಬಾಯಲ್ಲಿ ಮಂಗನ ಕಾಯಿಲೆ. ಚಳಿಗಾಲ ಶುರುವಾದಾಗಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಕಾಟ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ ಉಣುಗೇ ಹೆಚ್ಚು ಅಪಾಯದ್ದು. ಆರೋಗ್ಯ ಇಲಾಖೆ ಕಾಡಂಚಿನ ಹಳ್ಳಿಗಳಲ್ಲಿ ಹಂಚುವ ಡೆಪಾ ಎಣ್ಣೆಯನ್ನು ಹಚ್ಚಿಕೊಳ್ಳುವುದು, ಮಂಗ ಸತ್ತ ಜಾಗಕ್ಕೆ ಹೋಗದಿರುವುದು, ಮನೆಗೆ ಬಂದೊಡನೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯುವುದು ಇವಿಷ್ಟನ್ನು ತಪ್ಪಿಸಬಾರದು. ಒಣಗಿದೆಲೆಯ ಮೇಲೆ ಮಲಗಿ ನಕ್ಷತ್ರ ನೋಡುವ ಚಿತ್ರಗಳನ್ನು ತೆಗೆಯುವವರು ನಮ್ಮ ಜಿಲ್ಲೆಯವರಲ್ಲ.

ಇಲ್ಲಿಂದ ಋತುವಿಚಾರ ತಾನಾಗಿ ಸಿದ್ಧಿಸುತ್ತದೆ. ಮಳೆಗಾಲದಲ್ಲಿ ಇಂಬಳ, ಜೊತೆಗೆ ಆಗುಂಬೆಯಂಥಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರುವ ಮಳೆ; ಆ ನೀರಿಗೆ ‘ವಾಟರ್‌ಪ್ರೂಫ್’ ಎಂಬ ಚೀಟಿ ಓದಲು ಬರುವುದಿಲ್ಲ. ಚಳಿಗಾಲದಲ್ಲಿ ಉಣುಗು. ಬೇಸಿಗೆಯಲ್ಲಿ ಉಣುಗಿನ ಜೊತೆ ಕಾಳ್ಗಿಚ್ಚು, ಅದರ ಭಯದಿಂದ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ಆರು ಋತುಗಳಲ್ಲಿ ಡೇರೆಗೆಂದು ಮೀಸಲಾದದ್ದು ಯಾವುದೂ ಇಲ್ಲ.

ಶಯನ ಪ್ರಕರಣ

ಈಗ ಅಸಂಭವ ದೋಷಕ್ಕೆ ಬರೋಣ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದಲ್ಲಿದೆ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಅದಿರು ಗಣಿಯೇ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಬಾಗಿಲು ಹಾಕಿತು ಎಂದಮೇಲೆ ನಮ್ಮ ಡೇರೆ ಯಾವ ಲೆಕ್ಕ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಷ್ಟು ಜನ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದಲ್ಲಿ ಟಿಕೆಟು ಕೊಡಲು ಶುರುಮಾಡಿತು. ಮೂರನೆಯ ಲಕ್ಷಣದ ಕ್ಯಾಂಪಿಂಗ್ ಹೀಗೆ ಒಂಟಿ ಗೊರಸಿನ ಹಸುವಾಗಿದೆ. ಇದರಿಂದ ಕಾಡಿಗೆ ನಷ್ಟವೇನೂ ಆಗಿಲ್ಲ.

ಹಾಗಾದರೆ ಬೆಟ್ಟಕ್ಕೆ ಹೋದವರು ಎಲ್ಲಿ ಮಲಗುತ್ತಾರೆ? ನಾಲ್ಕು ಕಡೆ. ಕಾಫಿ ಎಸ್ಟೇಟಿನ ಹುಲ್ಲುಹಾಸಿನಲ್ಲಿ ಕಟ್ಟಿದ ಡೇರೆ ಮೊದಲನೆಯದು: ಒಳಗೆ ಮಂಚ, ಮಂಚದ ಪಕ್ಕ ಫ್ಯಾನು, ಹಿಂದೆ ಗೀಸರ್ ಇರುವ ಬಚ್ಚಲು. ಇದು ವೇಷ ಹಾಕಿದ ಲಾಡ್ಜು. ಎರಡನೆಯದು ಕಾರು, ಅದರ ಬಗ್ಗೆ ಬೆನ್ನುಮೂಳೆ ಸಾಕ್ಷಿ ಹೇಳುತ್ತದೆ. ಮೂರನೆಯದು ಪ್ರವಾಸಿ ಬಂಗಲೆ, ಖಾಲಿಯಿದ್ದರೆ.

ನಾಲ್ಕನೆಯದು ಜಗಲಿ. ಕೊಡಚಾದ್ರಿಯ ಮೇಲೆ ಗುಡಿಯ ಹತ್ತಿರ ಅರ್ಚಕರ ಮನೆಯಿದೆ. ಕುಮಾರಪರ್ವತದ ಅರ್ಧ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಚಾರಣಿಗರು ತಂಗುವುದಿತ್ತು. ಮುಳ್ಳೋಡಿಯಲ್ಲಿ ಕೃಷಿಕರ ಮನೆಗಳಿವೆ. ನಾವು ಮೈಯೆಲ್ಲ ಕೆಸರಾಗಿ ಅಂಥದೊಂದು ಮನೆಯ ಅಂಗಳಕ್ಕೆ ಇಳಿದಾಗ ಅಲ್ಲಿನ ಅಮ್ಮ ನಮ್ಮ ಡೇರೆಯ ಚೀಲ ನೋಡಿ, ‘ಅದೆಲ್ಲ ಯಾಕೆ ಹೊತ್ಕೊಂಡ್ ಬಂದ್ರಿ? ಕಾಲು ತೊಳ್ಕೊಳ್ಳಿ, ಬಿಸಿನೀರು ಕಾದಿದೆ’ ಎಂದರು. ಅನ್ನ, ಸಾರು, ಮಜ್ಜಿಗೆ, ಅಪ್ಪೆಮಿಡಿ ಉಪ್ಪಿನಕಾಯಿ. ಆಮೇಲೆ ಜಗಲಿಯಲ್ಲೊಂದು ಚಾಪೆ, ಕಂಬಳಿ. ಡೇರೆಯ ಕಂಪನಿಯವರು ಗಾಳಿ ತಡೆಯಲು, ಮಳೆ ತಡೆಯಲು, ಹುಳು ತಡೆಯಲು ಏನೇನು ಹೊಲಿದಿದ್ದಾರೋ ಅದಷ್ಟನ್ನೂ ಒಂದು ಮಣ್ಣಿನ ಗೋಡೆ ಮತ್ತು ಒಂದು ಹಂಚಿನ ಮಾಡು ಮಾಡುತ್ತಿದ್ದವು, ಜೊತೆಗೆ ಬೆಳಗ್ಗೆ ಅಕ್ಕಿರೊಟ್ಟಿಯೂ ಇತ್ತು. ಗೆಳೆಯ ಡೇರೆಯನ್ನು ತಲೆದಿಂಬು ಮಾಡಿಕೊಂಡ. ಅದರ ಪೂರ್ಣ ಉಪಯೋಗ ಅಂದೇ ಆದದ್ದು.

ಹೀಗಾಗಿ ಸಿದ್ಧಾಂತವಿದು: ನಮ್ಮ ಬೆಟ್ಟಗಳಲ್ಲಿ ಕ್ಯಾಂಪಿಂಗ್ ಎಂಬ ವರ್ಗ ಸದಸ್ಯರಿಲ್ಲದೆ ಖಾಲಿಯಿದೆ. ಅದಿರಬೇಕಾದ ಜಾಗದಲ್ಲಿ ಯಾರದೋ ಮನೆಯ ಜಗಲಿ ಮೊದಲಿನಿಂದಲೂ ಇದೆ. ಡೇರೆ ಕೊಳ್ಳಲು ಯೋಚಿಸುತ್ತಿರುವವರು ಆ ದುಡ್ಡನ್ನು ಜಗಲಿಯವರಿಗೆ ಕೊಡಬಹುದು.

ಅಂಥ ಮನೆಗಳಿಗೆ ಹೋಗುವವರು ಮೊದಲೇ ಫೋನ್ ಮಾಡಿ ಹೋಗಿ, ಅಲ್ಲಿ ನೆಟ್‌ವರ್ಕ್ ಇರುವುದು ಗುಡ್ಡದ ಒಂದು ಮೂಲೆಯಲ್ಲಿ ಮಾತ್ರ. ರಾತ್ರಿ ಹತ್ತಕ್ಕೆ ಬಾಗಿಲು ಬಡಿದು ಊಟ ಕೇಳಬೇಡಿ. ಅಕ್ಕಿ ಕೆಳಗಿನಿಂದ ಹೊತ್ತು ತಂದದ್ದು. ಸ್ಪೀಕರು ಒಯ್ಯಬೇಡಿ. ಮ್ಯಾಗಿಯ ಕವರು, ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣಗಳನ್ನು ತಂದ ಚೀಲದಲ್ಲೇ ಕೆಳಗೆ ತನ್ನಿ. ನಮ್ಮ ಹೊಸಮನೆಗಾದರೆ ಬೆಳಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತದೆ. ಕೊಡಚಾದ್ರಿಗೆ ಅದು ಹತ್ತುವುದಿಲ್ಲ.